ತಪ್ಪು, ತಾಪ, ತಿರುವು: ಪಂಡಿತಾ ರಮಾಬಾಯಿಯವರ ಸಾಕ್ಷ್ಯವನ್ನು ಸೊನ್ನಲಿಗೆಯ ಕಡೆಯಿಂದ ಓದುವುದು

(ಆನ್‌ಲೈನ್ ವಿಚಾರಗೋಷ್ಠಿಯಲ್ಲಿ ಮಂಡಿಸಿದ ಪ್ರಬಂಧದ ಲಿಖಿತ ರೂಪ. ಮಾತಿನ ಧಾಟಿಯನ್ನು ಸಾಧ್ಯವಾದಷ್ಟು ಹಾಗೆಯೇ ಉಳಿಸಿಕೊಳ್ಳಲಾಗಿದೆ. ಚರ್ಚೆಯ ಆಯ್ದ ಭಾಗ ಕೊನೆಯಲ್ಲಿದೆ.)

ಸಾರಾಂಶ

ಕ್ರೈಸ್ತ ನಂಬಿಕೆಯಲ್ಲಿ ಪಶ್ಚಾತ್ತಾಪವನ್ನು ಆತ್ಮಿಕ ಬೆಳವಣಿಗೆಯ ಬಾಗಿಲು ಎಂದು ಹೇಳುವುದು ರೂಢಿ. ಆದರೆ ಪಶ್ಚಾತ್ತಾಪ ಎಂಬ ಪದದಲ್ಲಿ ಇರುವುದು ತಾಪ ಮಾತ್ರ, ಬೆಳವಣಿಗೆ ಅಲ್ಲ. ತಾಪ ಯಾವಾಗ ತಿರುವಾಗುತ್ತದೆ ಎಂಬ ಪ್ರಶ್ನೆಯನ್ನು ಈ ಪ್ರಬಂಧ ಪಂಡಿತಾ ರಮಾಬಾಯಿ (1858–1922) ಅವರ ಆತ್ಮಕಥನಾತ್ಮಕ ಬರಹಗಳ ಮುಂದಿಟ್ಟು ಪರಿಶೀಲಿಸುತ್ತದೆ. ಹೋಲಿಕೆಗಾಗಿ ಶೂನ್ಯಸಂಪಾದನೆಯ ಸಿದ್ಧರಾಮನ ಪ್ರಸಂಗವನ್ನು ನೋಡಲಾಗಿದೆ. ಪಶ್ಚಾತ್ತಾಪದ ನಿಜವಾದ ಸಾಕ್ಷಿ ಕಣ್ಣೀರಲ್ಲಿ ಇಲ್ಲ, ತಪ್ಪಿದ ಜಾಗಕ್ಕೇ ಮರಳಿ ಹೋಗಿ ಮಾಡಿದ ಕೆಲಸದಲ್ಲಿದೆ ಎಂಬುದು ಇಲ್ಲಿನ ವಾದ.

1. ಪ್ರಸ್ತಾವನೆ

ಧ್ವನಿ ಸರಿಯಾಗಿ ಕೇಳಿಸ್ತಿದೆ ಅಂದುಕೊಂಡಿದ್ದೀನಿ. ನಾನು ಮೈಂದರ್ಗಿಯ ಮನೆಯಿಂದ ಮಾತಾಡ್ತಾ ಇದ್ದೀನಿ, ಕರೆಂಟು ಹೋದರೆ ಐದು ನಿಮಿಷ ತಾಳ್ಮೆ ಇರಲಿ.

ಮೈಂದರ್ಗಿ ಗೊತ್ತಿಲ್ಲದವರಿಗೆ ಒಂದು ಮಾತು. ಇದು ಸೊಲ್ಲಾಪುರ ಜಿಲ್ಲೆಯ ಅಕ್ಕಲಕೋಟ ತಾಲೂಕಿನ ಸಣ್ಣ ಊರು. ಆಡಳಿತ ಮರಾಠಿ, ಮನೆಮಾತು ಕನ್ನಡ. ಅಕ್ಕಲಕೋಟ ರೋಡ್ ಅಥವಾ ದುಧನಿ ಸ್ಟೇಷನ್ನಿಗೆ ಹೋಗಿ ನಿಂತರೆ ರೈಲುಹಳಿ ಎರಡು ದಿಕ್ಕಿಗೆ ಹೋಗ್ತದೆ. ಪಶ್ಚಿಮಕ್ಕೆ ಸೊಲ್ಲಾಪುರ, ಕುರ್ಡುವಾಡಿ, ದೌಂಡ್ ದಾಟಿದರೆ ಕೆಡಗಾಂವ್. ರಮಾಬಾಯಿ ಮುಕ್ತಿ ಮಿಷನ್ ಕಟ್ಟಿದ ಊರು ಅದು. ಪೂರ್ವಕ್ಕೆ ಹೋದರೆ ಕಲಬುರಗಿ. ಅವರ ಮಗಳು ಮನೋರಮಾ 1912ರ ಸುಮಾರಿಗೆ ಶಾಲೆ ಕಟ್ಟಲು ನೆರವಾದ ಊರು. ಅಂದರೆ ತಾಯಿ–ಮಗಳ ಕೆಲಸದ ಎರಡು ತುದಿಗಳ ನಡುವೆ ನಮ್ಮ ಊರಿನ ಸ್ಟೇಷನ್ನುಗಳಿವೆ. ರಮಾಬಾಯಿ ಹುಟ್ಟಿದ್ದೂ ಇವತ್ತಿನ ಕರ್ನಾಟಕದಲ್ಲೇ, ಪಶ್ಚಿಮಘಟ್ಟದ ಗಂಗಾಮೂಲದಲ್ಲಿ. ಹೀಗಿದ್ದೂ ಕನ್ನಡ ವಿಭಾಗಗಳಲ್ಲಿ ಅವರನ್ನು ಮರಾಠಿಯವರ ಪಾಲಿಗೆ ಬಿಟ್ಟುಕೊಟ್ಟಂತೆ ನಡ್ಕೊಳ್ತೀವಿ.

ಇವತ್ತಿನ ವಿಷಯ ತಪ್ಪು ಮತ್ತು ಪಶ್ಚಾತ್ತಾಪ. ಇದರಲ್ಲಿ ನನ್ನದೂ ಒಂದು ತಪ್ಪಿದೆ, ವಿಮರ್ಶಕನಾಗಿ ಮಾಡಿದ್ದು. ಅದನ್ನು ಐದನೇ ಭಾಗದಲ್ಲಿ ಹೇಳ್ತೀನಿ. ಮೊದಲೇ ಹೇಳಿಬಿಟ್ಟರೆ ನೀವು ಮುಂದಿನದೆಲ್ಲ ಅನುಕಂಪದಿಂದ ಕೇಳ್ತೀರಿ, ವಾದವನ್ನು ವಾದವಾಗಿ ತೂಗೋದಿಲ್ಲ.

2. ಪದಗಳು ಏನು ಹೇಳುತ್ತವೆ

ನಮ್ಮ ಮನೆಗಳಲ್ಲಿ ಮಕ್ಕಳು ತಪ್ಪು ಮಾಡಿದರೆ ದೇವರ ಮುಂದೆ ನಿಲ್ಲಿಸಿ ‘ಗಲ್ಲ ಬಡ್ಕೋ, ತಪ್ಪಾತು ಅನ್ನು’ ಅಂತಾರೆ. ಹುಡುಗ ಗಲ್ಲ ಬಡ್ಕೊಂಡು, ‘ತಪ್ಪಾತು’ ಅಂದು, ಮತ್ತೆ ಆಟಕ್ಕೆ ಓಡ್ತಾನೆ. ದೊಡ್ಡವರಿಗೆ ತಪ್ಪುಕಾಣಿಕೆ ಇದೆ. ಇದನ್ನು ನಾನು ಹಗುರ ಮಾಡ್ತಾ ಇಲ್ಲ. ತಪ್ಪನ್ನು ಬಾಯಿಬಿಟ್ಟು ಹೇಳಬೇಕು, ಅದಕ್ಕೊಂದು ಬೆಲೆ ತೆರಬೇಕು ಅನ್ನೋ ತಿಳಿವಳಿಕೆ ಅಲ್ಲಿದೆ.

ಕನ್ನಡದ ‘ತಪ್ಪು’ ಅನ್ನೋ ಪದ ಅದಕ್ಕಿಂತ ಅಗಲವಾದದ್ದು. ದಾರಿ ತಪ್ಪಿತು, ಮಳೆ ತಪ್ಪಿತು, ಕೈ ತಪ್ಪಿತು, ಕುರಿ ಹಿಂಡಿನಿಂದ ತಪ್ಪಿತು ಅಂತೀವಿ. ಇವುಗಳಲ್ಲಿ ಅಪರಾಧಿ ಯಾರೂ ಇಲ್ಲ. ಇರಬೇಕಾದಲ್ಲಿ ಇಲ್ಲ, ಮುಟ್ಟಬೇಕಾದ್ದನ್ನು ಮುಟ್ಟಲಿಲ್ಲ, ಅಷ್ಟೇ ಅರ್ಥ. ಹೊಸ ಒಡಂಬಡಿಕೆಯ ಗ್ರೀಕ್‌ನಲ್ಲಿ ಪಾಪಕ್ಕೆ ಬಳಸಿದ ‘ಹಮಾರ್ತಿಯಾ’ ಪದದ ಮೂಲದಲ್ಲೂ ಗುರಿ ತಪ್ಪುವ ಅರ್ಥವೇ ಇದೆ. ಲೂಕನ ಸುವಾರ್ತೆಯ ಹದಿನೈದನೇ ಅಧ್ಯಾಯದ ಸಾಮ್ಯವನ್ನು ಕನ್ನಡ ಕ್ರೈಸ್ತರು ‘ತಪ್ಪಿಹೋದ ಮಗ’ ಅಂತ ಕರೆಯೋದು ಎಷ್ಟು ಸರಿಯಾಗಿದೆ ನೋಡಿ. ‘ದುಂದುಗಾರ ಮಗ’ ಅಂದರೆ ದುಡ್ಡಿನ ಲೆಕ್ಕ ಮುಂದೆ ಬರ್ತದೆ. ‘ತಪ್ಪಿಹೋದ’ ಅಂದರೆ ಅವನು ಇರಬೇಕಾಗಿದ್ದ ಮನೆ ನೆನಪಾಗ್ತದೆ.

ಇನ್ನು ಪಶ್ಚಾತ್ತಾಪ. ಪಶ್ಚಾತ್ ಅಂದರೆ ಆಮೇಲೆ, ತಾಪ ಅಂದರೆ ಬೇಗೆ. ಆಮೇಲಿನ ಬೇಗೆ. ಇದರಲ್ಲಿ ಚಲನೆ ಇಲ್ಲ. ಸುಟ್ಟುಕೊಂಡು ಕೂತವನಿಗೂ ಪಶ್ಚಾತ್ತಾಪವಿದೆ ಅನ್ನಬಹುದು. ಪ್ರಾಯಶ್ಚಿತ್ತ ಮತ್ತೊಂದು ತುದಿ. ಅಲ್ಲಿ ಕ್ರಿಯೆ ಇದೆ, ವಿಧಿ ಇದೆ, ಒಳಗಿನ ಬೇಗೆ ಕಡ್ಡಾಯವಲ್ಲ. ಕನ್ನಡ ಬೈಬಲ್ ಅನುವಾದಕರು ಈ ಎರಡರ ನಡುವೆ ಬಹಳ ಒದ್ದಾಡಿದ ಹಾಗಿದೆ. ಒಂದು ಅನುವಾದ ‘ಮಾನಸಾಂತರ’ ಅನ್ನೋ ಪದ ಹಿಡೀತು. ಅದು ಗ್ರೀಕ್ ‘ಮೆಟನೊಯಾ’ ಪದಕ್ಕೆ, ಅಂದರೆ ಮನಸ್ಸು ಬದಲಾಗುವುದಕ್ಕೆ, ಹತ್ತಿರ. ಬೈಬಲ್ ಸೊಸೈಟಿಯ ಹಳೆಯ ಸತ್ಯವೇದ ‘ತಿರುಗಿಕೊಳ್ಳು’ ಅನ್ನೋ ಕ್ರಿಯಾಪದ ಬಳಸ್ತದೆ. ಅದು ಹೀಬ್ರೂ ‘ಶೂವ್’ ಪದಕ್ಕೆ, ಅಂದರೆ ಹಿಂತಿರುಗುವುದಕ್ಕೆ, ಹತ್ತಿರ. ಕಥೋಲಿಕರ ನಡುವೆ ಬಳಕೆಯಲ್ಲಿರುವ ಅನುವಾದ ಪಾಪಕ್ಕೆ ವಿಮುಖ, ದೇವರಿಗೆ ಅಭಿಮುಖ ಅಂತ ಎರಡು ಮುಖ ತೋರಿಸ್ತದೆ. ಮೂರರಲ್ಲೂ ತಾಪವನ್ನು ಮೀರುವ ಯತ್ನ ಇದೆ. ಆದರೂ ಉಪದೇಶದಲ್ಲಿ, ಪ್ರಾರ್ಥನೆಯಲ್ಲಿ, ನಮ್ಮ ಲೇಖನಗಳಲ್ಲಿ ಗೆದ್ದದ್ದು ‘ಪಶ್ಚಾತ್ತಾಪ’ವೇ.

ವ್ಯತ್ಯಾಸ ಯಾಕೆ ಮುಖ್ಯ? ಯೂದ ಮತ್ತು ಪೇತ್ರರನ್ನು ನೋಡಿ. ಇಬ್ಬರೂ ಒಂದೇ ರಾತ್ರಿ ಗುರುವಿಗೆ ತಪ್ಪಿದರು. ಒಬ್ಬ ಹಿಡಿದುಕೊಟ್ಟ, ಇನ್ನೊಬ್ಬ ಗೊತ್ತೇ ಇಲ್ಲ ಅಂದ. ಇಬ್ಬರಿಗೂ ಬೇಗೆ ಬಂತು. ಯೂದ ಹಣವನ್ನೂ ಹಿಂತಿರುಗಿಸಿದ, ತಪ್ಪನ್ನು ಬಾಯಿಬಿಟ್ಟು ಒಪ್ಪಿಕೊಂಡ. ನಮ್ಮ ಊರಿನ ಪಂಚರ ಲೆಕ್ಕದಲ್ಲಿ ಅವನ ಕೆಲಸ ಪೂರ್ತಿ ಆಯ್ತು. ಆದರೆ ಮತ್ತಾಯನು ಯೂದನಿಗೆ ಬಳಸುವ ಗ್ರೀಕ್ ಕ್ರಿಯಾಪದ ಮೆಟನೊಯಾದ್ದಲ್ಲ, ಕೊರಗು ಅನ್ನೋ ಅರ್ಥದ ಬೇರೆ ಪದ. ಯೂದ ಕೊರಗಿನಲ್ಲೇ ಮುಗಿದ. ಪೇತ್ರ ಅತ್ತ, ಮತ್ತೆ ಅದೇ ಗುಂಪಿಗೆ ಮರಳಿದ. ಯೋಹಾನನ ಸುವಾರ್ತೆಯ ಕೊನೆಯಲ್ಲಿ ಮೂರು ಸಲ ಇಲ್ಲ ಅಂದವನಿಗೆ ಮೂರು ಸಲ ಪ್ರಶ್ನೆ ಬರ್ತದೆ, ಪ್ರತಿ ಉತ್ತರಕ್ಕೂ ಒಂದು ಕೆಲಸ ಸಿಗ್ತದೆ: ಕುರಿ ಕಾಯೋದು. ಕ್ಷಮೆ ಅವನಿಗೆ ಸಿಕ್ಕಿದ್ದು ಜವಾಬ್ದಾರಿಯ ರೂಪದಲ್ಲಿ. ಈ ಒಂದು ಅಂಶವನ್ನು ಕೈಯಲ್ಲಿ ಹಿಡ್ಕೊಂಡು ರಮಾಬಾಯಿ ಹತ್ರ ಹೋಗೋಣ.

3. ರಮಾಬಾಯಿಯವರ ಮೂರು ತಿದ್ದುಪಡಿಗಳು

ಜೀವನದ ವಿವರ ನಿಮಗೆ ಗೊತ್ತಿರೋದೇ, ಬೇಗ ಹೇಳ್ತೀನಿ. ತಂದೆ ಅನಂತಶಾಸ್ತ್ರಿ ಡೋಂಗ್ರೆ ಮಗಳಿಗೆ ಸಂಸ್ಕೃತ ಕಲಿಸಿದ ಪುರಾಣಿಕರು. ಊರೂರು ತಿರುಗುವ ಬದುಕು. 1870ರ ದಶಕದ ಬರದಲ್ಲಿ ತಂದೆ, ತಾಯಿ, ಅಕ್ಕ ತೀರಿಕೊಂಡರು. 1880ರಲ್ಲಿ ಅಣ್ಣ, 1882ರಲ್ಲಿ ಗಂಡ ಬಿಪಿನ್ ಬಿಹಾರಿ ಮೇಧಾವಿ. 1883ರಲ್ಲಿ ಇಂಗ್ಲೆಂಡಿಗೆ ಹೋದರು, ಅದೇ ಸೆಪ್ಟೆಂಬರಿನಲ್ಲಿ ವಾಂಟೇಜ್‌ನಲ್ಲಿ ದೀಕ್ಷಾಸ್ನಾನ. 1889ರಲ್ಲಿ ಮುಂಬಯಿಯಲ್ಲಿ ಶಾರದಾ ಸದನ, ಮುಂದಿನ ವರ್ಷ ಅದು ಪುಣೆಗೆ. 1890ರ ದಶಕದ ಕೊನೆಯಲ್ಲಿ ಕೆಡಗಾಂವ್‌ನ ಮುಕ್ತಿ.

ಈ ಬದುಕಿನಲ್ಲಿ ತಮ್ಮ ತಪ್ಪು ತಾವೇ ಕಂಡುಕೊಂಡ ಮೂರು ಗಳಿಗೆಗಳನ್ನು ನಾನು ಆರಿಸಿಕೊಂಡಿದ್ದೀನಿ.

ಮೊದಲನೆಯದು ಬರದ ನೆನಪು. 1890ರ ದಶಕದ ಕೊನೆಗೆ ಮತ್ತೆ ಬರ ಬಿದ್ದಾಗ ರಮಾಬಾಯಿ ತಮ್ಮ ಹುಡುಗಿತನದ ಬರವನ್ನು ನೆನೆದು ಬರೆದರು. ಹಸಿವಿನ ವರ್ಣನೆ ಅಲ್ಲಿದೆ. ಆದರೆ ಓದುವವರನ್ನು ತಡೆದು ನಿಲ್ಲಿಸೋದು ಬೇರೆ ಮಾತು. ಹೊಟ್ಟೆಗಿಲ್ಲದಾಗಲೂ ತಮ್ಮ ಮನೆಯವರು ಕೂಲಿಗೆ ಹೋಗಲಿಲ್ಲ, ಕೈಕಸುಬು ಕಲಿಯಲಿಲ್ಲ, ಜಾತಿಯ ಹಿರಿಮೆ ಮತ್ತು ವಿದ್ಯೆಯ ಹಮ್ಮು ಅಡ್ಡ ಬಂತು ಅಂತ ಅವರು ಒಪ್ಪಿಕೊಳ್ತಾರೆ. ಸತ್ತ ತಂದೆತಾಯಿಯ ಬಗ್ಗೆ ಹೀಗೆ ಬರೆಯೋದು ಸುಲಭ ಅಲ್ಲ. ಅವರನ್ನು ಬಹಳ ಪ್ರೀತಿಯಿಂದ ನೆನೆಯುವ ಬರಹಗಾರ್ತಿಯೇ ಅವರ ಸಾವಿನಲ್ಲಿ ಅವರದೇ ಹಮ್ಮಿನ ಪಾಲಿತ್ತು ಅಂತಾಳೆ, ಆ ಹಮ್ಮಿನಲ್ಲಿ ತನ್ನನ್ನೂ ಸೇರಿಸಿಕೊಳ್ತಾಳೆ.

ಈಗ ಮುಕ್ತಿಯಲ್ಲಿ ಏನು ನಡೀತಿತ್ತು ನೋಡಿ. ನೇಯ್ಗೆ, ಎಣ್ಣೆಗಾಣ, ಹೊಲದ ಕೆಲಸ, ದನ ಸಾಕಣೆ, ಅಚ್ಚುಕೂಟ. ಅಲ್ಲಿಗೆ ಬಂದ ಹೆಣ್ಣುಮಕ್ಕಳೆಲ್ಲ ಕೈಕೆಲಸ ಕಲೀಬೇಕು. ಇದನ್ನು ನಾವು ಸಾಮಾನ್ಯವಾಗಿ ‘ಸ್ವಾವಲಂಬನೆಯ ಶಿಕ್ಷಣ’ ಅಂತ ಹೇಳಿ ಮುಂದೆ ಹೋಗ್ತೀವಿ. ನಾನು ಹೇಳೋದು ಇಷ್ಟೇ: ಆ ಮಗ್ಗ ಆ ಬರಹದ ಉತ್ತರಾರ್ಧ. ಕೈಕಸುಬಿಲ್ಲದೆ ಸತ್ತ ಮನೆಯ ಮಗಳು, ಬರದಿಂದ ಓಡಿಬಂದ ಇನ್ನೊಬ್ಬ ಹುಡುಗಿಯ ಕೈಗೆ ಕಸುಬು ಕೊಡ್ತಾಳೆ. ಗ್ರಂಥದಲ್ಲಿ ಒಪ್ಪಿಕೊಂಡದ್ದು ಅಂಗಳದಲ್ಲಿ ತಿರುವಾಯ್ತು.

ಎರಡನೆಯದು ಬರಹದ ಒಳಗಿನ ತಿದ್ದುಪಡಿ. 1882ರಲ್ಲಿ ಅವರು ಮರಾಠಿಯಲ್ಲಿ ‘ಸ್ತ್ರೀಧರ್ಮನೀತಿ’ ಬರೆದರು. ಅದು ಹೆಂಗಸರಿಗೆ ಬುದ್ಧಿ ಹೇಳುವ ಪುಸ್ತಕ. ಹೆಂಗಸರ ಅಜ್ಞಾನ, ಆಲಸ್ಯ, ಅಶಿಸ್ತಿನ ಮೇಲೆ ಹೊರೆ ಜಾಸ್ತಿ ಬೀಳ್ತದೆ. ಅದರ ಮಾರಾಟದ ಹಣವೇ ಇಂಗ್ಲೆಂಡ್ ಪ್ರಯಾಣಕ್ಕೆ ನೆರವಾಯ್ತು. ಐದು ವರ್ಷದ ನಂತರ, 1887ರಲ್ಲಿ, ‘ದಿ ಹೈ-ಕಾಸ್ಟ್ ಹಿಂದೂ ವುಮನ್’ ಬಂತು. ಇಲ್ಲಿ ದೃಷ್ಟಿ ಪೂರಾ ತಿರುಗಿದೆ. ಹೆಣ್ಣು ಯಾಕೆ ಹೀಗಿದ್ದಾಳೆ ಅನ್ನೋದಕ್ಕೆ ಉತ್ತರ ಶಾಸ್ತ್ರದಲ್ಲಿ, ಮದುವೆಯ ಕಟ್ಟಳೆಯಲ್ಲಿ, ವೈಧವ್ಯದ ನಿಯಮಗಳಲ್ಲಿ ಸಿಗ್ತದೆ. ‘ನಾನು ಮೊದಲು ತಪ್ಪು ಬರೆದೆ’ ಅನ್ನೋ ವಾಕ್ಯ ಬೇಕಾಗಿಲ್ಲ. ಎರಡೂ ಪುಸ್ತಕ ಪಕ್ಕಪಕ್ಕ ಇಟ್ಟರೆ ಸಾಕು.

ಮೂರನೆಯದು ನೇರವಾಗಿ ನಂಬಿಕೆಗೆ ಸೇರಿದ್ದು. 1907ರ ಇಂಗ್ಲಿಷ್ ಬರಹವೊಂದಿದೆ, ನಮ್ಮ ಬತ್ತದ ನಿಧಿಯ ಬಗ್ಗೆ ಸಾಕ್ಷ್ಯ ಅನ್ನೋ ಅರ್ಥದ ಹೆಸರು ಅದಕ್ಕೆ. ಅದರಲ್ಲಿ ರಮಾಬಾಯಿ ಒಂದು ಅಚ್ಚರಿಯ ಮಾತು ಹೇಳ್ತಾರೆ. 1883ರಲ್ಲಿ ದೀಕ್ಷಾಸ್ನಾನ ಆಯ್ತು, ಸಭೆಗೆ ಸೇರಿದ್ದಾಯ್ತು, ಸಿದ್ಧಾಂತ ಕಲಿತದ್ದಾಯ್ತು. ಆದರೆ ಸುಮಾರು ಎಂಟು ವರ್ಷ ಕಳೆದ ಮೇಲೆ ತಮಗೆ ತಿಳಿದದ್ದು: ಕೈಗೆ ಸಿಕ್ಕಿದ್ದು ಕ್ರೈಸ್ತಧರ್ಮ, ಕ್ರಿಸ್ತ ಅಲ್ಲ. ವಿಲಿಯಂ ಹಾಸ್ಲಂ ಎಂಬ ಇಂಗ್ಲಿಷ್ ಪಾದ್ರಿಯ ಆತ್ಮಕಥೆ ಅವರಿಗೆ ಕನ್ನಡಿಯಾಯ್ತು. ಹಾಸ್ಲಂ ಪಾದ್ರಿಯಾಗಿ ಕೆಲಸ ಮಾಡ್ತಾ ಇದ್ದವರು, ಒಂದು ದಿನ ತಮ್ಮದೇ ಉಪದೇಶದ ನಡುವೆ ತಾವೇ ಬದಲಾದವರು.

ಈ ತಪ್ಪಿನ ಸ್ವರೂಪ ಗಮನಿಸಿ. ಕಳವಲ್ಲ, ಸುಳ್ಳಲ್ಲ. ಆ ಎಂಟು ವರ್ಷಗಳಲ್ಲಿ ಅವರು ಪುಸ್ತಕ ಬರೆದಿದ್ದಾರೆ, ಅಮೆರಿಕ ಸುತ್ತಿ ಹಣ ಕೂಡಿಸಿದ್ದಾರೆ, ವಿಧವೆಯರ ಶಾಲೆ ಕಟ್ಟಿದ್ದಾರೆ. ಜನ ಮೆಚ್ಚಿದ ಕೆಲಸ ಅದು. ಒಳ್ಳೆಯ ಕೆಲಸದ ನಡುವೆಯೇ ಮುಖ್ಯವಾದದ್ದು ತಪ್ಪಿಹೋಗಿದೆ ಅಂತ ಕಾಣೋದು ಕೆಟ್ಟ ಕೆಲಸದ ನಡುವೆ ಕಾಣೋದಕ್ಕಿಂತ ಕಷ್ಟ. ಮಾರ್ಟಿನ್ ಲೂಥರ್ 1517ರ ತಮ್ಮ ತೊಂಬತ್ತೈದು ಪ್ರಮೇಯಗಳ ಮೊದಲನೆಯದರಲ್ಲೇ, ನಂಬುವವನ ಇಡೀ ಬಾಳು ತಿರುಗಿಕೊಳ್ಳುವ ಬಾಳಾಗಿರಬೇಕು ಅನ್ನೋ ಅರ್ಥದ ಮಾತಿಟ್ಟರು. ಒಮ್ಮೆ ತಿರುಗಿ ಮುಗಿಸುವಂಥದ್ದಲ್ಲ ಅದು. ರಮಾಬಾಯಿಯವರ ಎಂಟು ವರ್ಷ ಈ ಮಾತಿಗೆ ಭಾರತದ ಒಂದು ಉದಾಹರಣೆ.

4. ಸೊನ್ನಲಿಗೆಯ ಕಡೆಯಿಂದ

ಸೊಲ್ಲಾಪುರ ಅಂದರೆ ಸೊನ್ನಲಿಗೆ, ಸಿದ್ಧರಾಮನ ಊರು. ನಮ್ಮ ಕಡೆಯ ಯಾರಿಗಾದರೂ ‘ಒಳ್ಳೆಯ ಕೆಲಸದ ನಡುವೆ ಮುಖ್ಯವಾದದ್ದು ತಪ್ಪಿತು’ ಅಂದರೆ ಮೊದಲು ನೆನಪಾಗೋನು ಅವನೇ.

ರಾಘವಾಂಕನ ಕಾವ್ಯದಲ್ಲಿ ಕೆರೆ ಕಟ್ಟಿಸಿದ, ಗುಡಿ ಎತ್ತಿಸಿದ ಯೋಗಿಯಾಗಿ ಸಿದ್ಧರಾಮ ದೊಡ್ಡದಾಗಿ ನಿಲ್ತಾನೆ. ಹದಿನೈದನೇ ಶತಮಾನದ ಶೂನ್ಯಸಂಪಾದನೆ ಅದೇ ಕೆರೆಯ ದಡದಲ್ಲಿ ಬೇರೆ ಪ್ರಶ್ನೆ ಎತ್ತುತ್ತದೆ. ಅಲ್ಲಮ ಸೊನ್ನಲಿಗೆಗೆ ಬರ್ತಾನೆ, ಮಣ್ಣು ಹೊರಿಸುತ್ತಿರುವ ಸಿದ್ಧರಾಮನನ್ನು ಒಡ್ಡ ಅಂತ ಹಂಗಿಸಿ ಮಾತಾಡ್ತಾನೆ. ಕೆಲಸದ ಜನ ಕಲ್ಲೆಸೀತಾರೆ, ಸಿದ್ಧರಾಮ ಸಿಟ್ಟಾಗ್ತಾನೆ. ಸಿಟ್ಟು ಇಳಿದ ಮೇಲೆ ಮಾತು ಶುರುವಾಗ್ತದೆ, ಆಮೇಲೆ ಕಲ್ಯಾಣದ ದಾರಿ. (ಒಡ್ಡ ಅನ್ನೋದು ಮಣ್ಣು ಕೆಲಸದ ಒಂದು ಸಮುದಾಯದ ಹೆಸರೂ ಹೌದು. ಅದು ಇಲ್ಲಿ ಬೈಗುಳವಾದದ್ದು ಆ ಪಠ್ಯದ ತಪ್ಪು ಅಂತ ನಾನು ಹೇಳಲೇಬೇಕು.)

ಎರಡೂ ಪ್ರಸಂಗದ ಹೋಲಿಕೆ ಎಲ್ಲಿದೆ? ಇಬ್ಬರೂ ಕಟ್ಟುವವರು. ಇಬ್ಬರ ಕೆಲಸವೂ ಜನಕ್ಕೆ ಬೇಕಾದದ್ದು. ಇಬ್ಬರಿಗೂ ಹೊರಗಿನಿಂದ ಒಂದು ಪೆಟ್ಟು ಬಿತ್ತು, ಸಿದ್ಧರಾಮನಿಗೆ ಅಲ್ಲಮನ ಮಾತು, ರಮಾಬಾಯಿಗೆ ಒಂದು ಪುಸ್ತಕ. ತಪ್ಪು ಕೆರೆಯಲ್ಲಿ ಇರಲಿಲ್ಲ, ‘ನಾನು ಕಟ್ಟಿಸಿದೆ’ ಅನ್ನೋದರಲ್ಲಿತ್ತು. ಹಾಗೆಯೇ ತಪ್ಪು ಶಾರದಾ ಸದನದಲ್ಲಿ ಇರಲಿಲ್ಲ.

ವ್ಯತ್ಯಾಸ ಇನ್ನೂ ಮುಖ್ಯ. ಶೂನ್ಯಸಂಪಾದನೆಯ ಸಿದ್ಧರಾಮ ಕಟ್ಟುವ ಕೆಲಸದಿಂದ ಅರಿವಿನ ಕಡೆಗೆ ಹೋಗ್ತಾನೆ. ಕಥೆಯ ಒತ್ತು ಅತ್ತ ಕಡೆಗಿದೆ. ರಮಾಬಾಯಿ ಅರಿವಾದ ಮೇಲೆ ಮೊದಲಿಗಿಂತ ಹೆಚ್ಚು ಕಟ್ಟುತ್ತಾರೆ. ಶಾರದಾ ಸದನ ಮುಖ್ಯವಾಗಿ ಮೇಲುಜಾತಿಯ ವಿಧವೆಯರ ಶಾಲೆಯಾಗಿತ್ತು. ಮುಕ್ತಿಗೆ ಬಂದವರು ಬರದ ಸೀಮೆಯ ಎಲ್ಲ ಜಾತಿಯ ಹೆಣ್ಣುಮಕ್ಕಳು. ಅಂದರೆ ಒಳಗಿನ ತಿರುವು ಹೊರಗಿನ ಬಾಗಿಲನ್ನು ಅಗಲ ಮಾಡಿತು. ಯಾವ ದಾರಿ ದೊಡ್ಡದು ಅಂತ ನಾನು ತೀರ್ಪು ಕೊಡೋದಿಲ್ಲ. ಆದರೆ ಪೇತ್ರನ ಕಥೆಯಲ್ಲಿ ಕ್ಷಮೆಯ ಜೊತೆಗೇ ಕುರಿ ಕಾಯುವ ಕೆಲಸ ಸಿಕ್ಕಿತಲ್ಲ, ರಮಾಬಾಯಿ ಆ ಸಾಲಿಗೆ ಸೇರ್ತಾರೆ.

5. ಎಲ್ಲಿ ಅನುಮಾನ ಪಡಬೇಕು, ಮತ್ತು ನನ್ನ ತಪ್ಪು

ಇಷ್ಟು ಹೇಳಿ ನಿಲ್ಲಿಸಿದರೆ ಇದು ವಿಮರ್ಶೆ ಆಗೋದಿಲ್ಲ, ಸ್ತುತಿ ಆಗ್ತದೆ. ಮೂರು ಅನುಮಾನಗಳಿವೆ.

ಒಂದು, ಸಾಕ್ಷ್ಯದ ಮೌನ. ಶಾರದಾ ಸದನ ಧರ್ಮದ ವಿಷಯದಲ್ಲಿ ತಟಸ್ಥ ಅನ್ನೋ ಭರವಸೆಯ ಮೇಲೆ ನಿಂತಿತ್ತು. ಹುಡುಗಿಯರು ಪ್ರಾರ್ಥನೆಗೆ ಬರತೊಡಗಿದಾಗ ಗಲಾಟೆಯಾಗಿ, 1893ರಲ್ಲಿ ರಾನಡೆ, ಭಾಂಡಾರಕರ್ ಅಂಥವರು ಸಲಹಾ ಸಮಿತಿಯಿಂದ ಹೊರಬಂದರು. ನಾನು ಯಾರನ್ನೂ ಕರೆದಿಲ್ಲ, ನನ್ನ ಕೋಣೆಯ ಬಾಗಿಲು ಮುಚ್ಚಲೂ ಇಲ್ಲ ಅನ್ನೋದು ರಮಾಬಾಯಿಯವರ ನಿಲುವು. ಅದು ತಾತ್ವಿಕವಾಗಿ ಗಟ್ಟಿ. ಆದರೆ ನಂಬಿ ಮಕ್ಕಳನ್ನು ಕಳಿಸಿದ ಮನೆಯವರ ಕಡೆಯಿಂದ ಅದು ಹೇಗೆ ಕಂಡಿರಬೇಕು ಅನ್ನೋ ಪ್ರಶ್ನೆಗೆ, ದೇವರ ಮುಂದೆ ಅಷ್ಟು ಕಟುವಾಗಿ ತನ್ನನ್ನು ತೂಗಿಕೊಂಡ ಸಾಕ್ಷ್ಯ ಜಾಗ ಕೊಡೋದಿಲ್ಲ. ದೇವರಿಗೆ ಮಾಡಿದ ತಪ್ಪು ಕಾಣುವ ಕಣ್ಣು, ನೆರೆಯವರಿಗೆ ಆದ ನೋವನ್ನೂ ಯಾವಾಗಲೂ ಕಾಣ್ತದೆ ಅಂತಿಲ್ಲ.

ಎರಡು, ಪಶ್ಚಾತ್ತಾಪವನ್ನು ಕೇಳುವವರು ಯಾರು? ವಾಂಟೇಜಿನ ಸನ್ಯಾಸಿನಿ ಸಿಸ್ಟರ್ ಜೆರಾಲ್ಡಿನ್ ಜೊತೆಗಿನ ಪತ್ರವ್ಯವಹಾರ ನೋಡಿ. ರಮಾಬಾಯಿ ಸಿದ್ಧಾಂತದ ಪ್ರಶ್ನೆ ಎತ್ತಿದಾಗಲೆಲ್ಲ ಅಹಂಕಾರದ ಆಪಾದನೆ ಬರ್ತದೆ. ರಮಾಬಾಯಿ ಬಗ್ಗೋದಿಲ್ಲ. ದೇವರಿಗೆ ತಲೆಬಾಗೋದು ಬೇರೆ, ದೇವರ ಹೆಸರಿನಲ್ಲಿ ಮಾತಾಡುವ ಸಂಸ್ಥೆಗೆ ತಲೆಬಾಗೋದು ಬೇರೆ ಅನ್ನೋ ಗೆರೆ ಅವರಿಗೆ ಸ್ಪಷ್ಟವಾಗಿತ್ತು. ಈ ಗೆರೆ ಅಳಿಸಿದರೆ ಏನಾಗ್ತದೆ ಅಂತ ತಿಳಿಯಲು ಸೊಲ್ಲಾಪುರದವರು ದೂರ ಹೋಗಬೇಕಿಲ್ಲ. ನಗರದ ಒಂದು ಭಾಗಕ್ಕೆ ಇವತ್ತಿಗೂ ‘ಸೆಟ್ಲಮೆಂಟ್’ ಅಂತಲೇ ಹೆಸರು. 1871ರ ಕಾಯ್ದೆ ಇಡೀ ಸಮುದಾಯಗಳನ್ನು ಹುಟ್ಟಾ ಅಪರಾಧಿಗಳು ಅಂತ ಬರೆಯಿತು, ಬೇಲಿ ಹಾಕಿ ಕೂಡಿಸಿ ‘ಸುಧಾರಿಸಿ’ ಅಂತು. ದೇಶದ ಕೆಲವೆಡೆ ಅಂಥ ನೆಲೆಗಳನ್ನು ನಡೆಸೋದರಲ್ಲಿ ಮಿಷನ್‌ಗಳೂ ಕೈಜೋಡಿಸಿದವು. ಮಾಡದ ತಪ್ಪಿಗೆ ಹಾಜರಿ ಹಾಕಿಸಿಕೊಂಡ ಜನ ಅವರು. 1952ರಲ್ಲಿ ಆ ಪಟ್ಟಿಯಿಂದ ಬಿಡುಗಡೆ ಆದಾಗ ಯಾರೂ ಅವರ ಮುಂದೆ ನಿಂತು ‘ತಪ್ಪಾತು’ ಅನ್ನಲಿಲ್ಲ. ತಪ್ಪು ಮಾಡಿದವರ ಕಡೆ ತಿರುವು ಇಲ್ಲದೆ, ಸಹಿಸಿದವರ ಕಡೆ ಮಾತ್ರ ಪಶ್ಚಾತ್ತಾಪ ಕೇಳೋದು ಆತ್ಮಿಕತೆಯ ಹೆಸರಿನ ದಬ್ಬಾಳಿಕೆ.

ಮೂರು, 1905. ವೇಲ್ಸ್‌ನ ಉಜ್ಜೀವನದ ಸುದ್ದಿ ಕೇಳಿ ಮುಕ್ತಿಯಲ್ಲಿ ಪ್ರಾರ್ಥನಾಗುಂಪುಗಳು ಶುರುವಾದವು. ಜೂನ್ ಕೊನೆಯ ಹೊತ್ತಿಗೆ ಹುಡುಗಿಯರು ಗಂಟೆಗಟ್ಟಲೆ ಅತ್ತು, ತಪ್ಪುಗಳನ್ನು ಗಟ್ಟಿಯಾಗಿ ಹೇಳಿಕೊಂಡು ಪ್ರಾರ್ಥಿಸಿದ ವರದಿಗಳಿವೆ. ಇಲ್ಲಿಗೆ ನನ್ನ ತಪ್ಪು ಬರ್ತದೆ.

ಕೆಲವು ವರ್ಷದ ಹಿಂದೆ, ಎಂ.ಎ. ಮುಗಿಸಿದ ಹೊಸತರಲ್ಲಿ, ನಾನು 1905ರ ಬಗ್ಗೆ ಒಂದು ಪ್ರಬಂಧ ಓದಿದ್ದೆ. ಆ ಅಳುವನ್ನು ‘ಸಾಮೂಹಿಕ ಉನ್ಮಾದ’ ಅಂತ ಕರೆದಿದ್ದೆ. ಬರದಲ್ಲಿ ಎಲ್ಲ ಕಳ್ಕೊಂಡ ಹುಡುಗಿಯರ ಮೇಲೆ ಮಿಷನ್ ಹೊರಿಸಿದ ಅಪರಾಧಿಭಾವ ಅಂತ ಒಂದೇ ಏಟಿಗೆ ಮುಗಿಸಿದ್ದೆ. ಚಪ್ಪಾಳೆ ಬಿತ್ತು. ಮುಗಿದ ಮೇಲೆ ಒಬ್ಬ ಹುಡುಗಿ ಹತ್ತಿರ ಬಂದಳು. ಅಕ್ಕಲಕೋಟ ಕಡೆಯವಳು, ಮನೆಯಲ್ಲಿ ಕನ್ನಡ, ಪ್ರಾರ್ಥನೆ ಮರಾಠಿಯಲ್ಲಿ. ಸಿಟ್ಟೇನೂ ಇರಲಿಲ್ಲ. ‘ಸರ್, ನಮ್ಮವ್ವನೂ ಪ್ರಾರ್ಥನಾದಾಗ ಹಂಗ ಅಳ್ತಾಳ್ರಿ. ಆಕಿಗೆ ಏನೂ ರೋಗ ಇಲ್ರಿ. ಅತ್ತ ಮ್ಯಾಲೆ ಎದ್ದು ನಮ್ಮ ದೊಡ್ಡವ್ವನ ಮನಿಗಿ ಹೋಗಿ ಬರ್ತಾಳ್ರಿ, ಮಾತು ಬಿಟ್ಟಿದ್ಲು’ ಅಂದಳು. ನಾನು ಏನೋ ಒಂದು ಸಿದ್ಧಾಂತ ಹೇಳಿ ಜಾರಿಕೊಂಡೆ. ಆ ಪ್ರಬಂಧ ಒಂದು ಸಂಕಲನದಲ್ಲಿ ಅಚ್ಚೂ ಆಯ್ತು.

ಆ ಮಾತನ್ನು ಅರ್ಥ ಮಾಡಿಕೊಳ್ಳಲು ನನಗೆ ಬಹಳ ದಿನ ಬೇಕಾಯ್ತು. ಆಕೆಯ ಮಾತಿನಲ್ಲಿ ಮುಖ್ಯ ಇದ್ದದ್ದು ಅಳು ಅಲ್ಲ, ‘ಎದ್ದು ಹೋಗಿ ಬರ್ತಾಳೆ’ ಅನ್ನೋದು. ನಾನು ತಾಪವನ್ನು ಅಳೆದಿದ್ದೆ, ತಿರುವನ್ನು ಹುಡುಕಿಯೇ ಇರಲಿಲ್ಲ. ಅತ್ತ ಹುಡುಗಿಯರು ಮಾರನೇ ದಿನ ಏನು ಮಾಡಿದರು ಅನ್ನೋ ಪ್ರಶ್ನೆಯನ್ನೇ ಕೇಳಿರಲಿಲ್ಲ. ಅವರಲ್ಲಿ ಎಷ್ಟೋ ಮಂದಿ ಗುಂಪುಗಳಾಗಿ ಸುತ್ತಲಿನ ಊರುಗಳಿಗೆ ಹೋದರು, ಮಾತಾಡಿದರು. ಬರದಲ್ಲಿ ಬೀದಿಗೆ ಬಿದ್ದಿದ್ದ ಹುಡುಗಿ ಜನರ ಮುಂದೆ ನಿಂತು ತನ್ನ ಬದುಕನ್ನು ತಾನೇ ಹೇಳಿಕೊಂಡಳು ಅನ್ನೋದನ್ನು ಉನ್ಮಾದ ಅಂತ ತಳ್ಳಿಹಾಕಿದ್ದು ನನ್ನ ಓದಿನ ಹಮ್ಮು. ಎರಡನೇ ಅನುಮಾನ ಈಗಲೂ ನಿಲ್ತದೆ. ಅಧಿಕಾರದ ಪ್ರಶ್ನೆ 1905ಕ್ಕೂ ಅನ್ವಯಿಸ್ತದೆ. ಆದರೆ ಅಧಿಕಾರವನ್ನು ಪ್ರಶ್ನಿಸುವ ಭರದಲ್ಲಿ ಅತ್ತವರನ್ನೇ ರೋಗಿಗಳು ಮಾಡಿದೆ.

6. ಸಮಾರೋಪ

ಪಶ್ಚಾತ್ತಾಪ ಬೆಳವಣಿಗೆ ಆಗಬೇಕಾದರೆ ಮೂರು ಹೆಜ್ಜೆ ಬೇಕು ಅಂತ ರಮಾಬಾಯಿಯವರ ಬದುಕಿನಿಂದ ನನಗೆ ಕಾಣ್ತದೆ. ತಪ್ಪಿಗೆ ಸರಿಯಾದ ಹೆಸರಿಡೋದು, ಅಂದರೆ ‘ವಿಧಿ’ ಅನ್ನದೆ ‘ಹಮ್ಮು’ ಅನ್ನೋದು. ಅದು ತನ್ನ ಒಳ್ಳೆಯ ಕೆಲಸದ ಒಳಗೂ ಇರಬಹುದು ಅಂತ ಒಪ್ಪೋದು. ಮತ್ತು ತಪ್ಪಿದ ಜಾಗಕ್ಕೇ ಕೆಲಸ ಹಿಡಿದು ಮರಳೋದು. ಮೂರನೆಯದಿಲ್ಲದೆ ಮೊದಲೆರಡು ಯೂದನ ಹತ್ತಿರ ನಿಂತುಬಿಡ್ತವೆ. ರಮಾಬಾಯಿ ಬದುಕಿನ ಕೊನೆಯ ವರ್ಷಗಳನ್ನು ಬೈಬಲ್ಲನ್ನು ಸರಳ ಮರಾಠಿಗೆ ತರೋದರಲ್ಲಿ ಕಳೆದರು. ಸಂಸ್ಕೃತ ತುಂಬಿದ ಹಳೆಯ ಅನುವಾದ ಓದು ಕಡಿಮೆಯಿದ್ದ ಹೆಂಗಸರಿಗೆ ತಿಳಿಯೋದಿಲ್ಲ ಅನ್ನೋದು ಅವರ ದೂರು. ಸಂಸ್ಕೃತದಿಂದಲೇ ಪಂಡಿತೆ ಅನ್ನಿಸಿಕೊಂಡ ಹೆಂಗಸು ಆ ಭಾಷೆಯನ್ನು ಬದಿಗಿಟ್ಟು ಸರಳ ಮಾತು ಹುಡುಕಿದ್ದನ್ನೂ ನಾನು ಅದೇ ಸಾಲಿನ ತಿರುವು ಅಂತ ಓದ್ತೀನಿ.

ಚರ್ಚೆ (ಆಯ್ದ ಭಾಗ)

ಒಬ್ಬ ಅಧ್ಯಾಪಕರು: ನೀವು ಕೆಲಸವನ್ನೇ ಸಾಕ್ಷಿ ಮಾಡ್ತಿದ್ದೀರಿ. ಕ್ರೈಸ್ತ ತಿಳಿವಳಿಕೆಯಲ್ಲಿ ಕೃಪೆ ಮೊದಲು, ಕೆಲಸ ಆಮೇಲೆ. ತಪ್ಪಿಹೋದ ಮಗ ಮನೆ ಮುಟ್ಟುವ ಮೊದಲೇ ತಂದೆ ಓಡಿ ಬಂದನಲ್ಲ?

ಮಂಡಕ: ಒಪ್ತೀನಿ ಸರ್. ಅದೇ ಅಧ್ಯಾಯದಲ್ಲಿ ತಪ್ಪಿದ ಕುರಿ ತಾನಾಗಿ ತಿರುಗಲೇ ಇಲ್ಲ, ಕುರುಬನೇ ಹೋಗಿ ಹೊತ್ತು ತಂದ. ನಾಣ್ಯ ಅಂತೂ ಅಲುಗಲೂ ಇಲ್ಲ. ಕೆಲಸದಿಂದ ಕ್ಷಮೆ ಸಿಗ್ತದೆ ಅಂತ ನಾನು ಹೇಳಿಲ್ಲ. ಕ್ಷಮೆ ಸಿಕ್ಕಿತು ಅನ್ನೋದು ನಮಗೆ, ಹೊರಗಿನವರಿಗೆ, ಕಾಣೋದು ಕೆಲಸದಲ್ಲಿ. ವಿಮರ್ಶಕನಿಗೆ ಒಳಗೆ ಇಣುಕುವ ಕಿಟಕಿ ಇಲ್ಲ.

ಒಬ್ಬ ಸಂಶೋಧನಾ ವಿದ್ಯಾರ್ಥಿನಿ: ಯಾವಾಗಲೂ ಹೆಂಗಸರೇ ಯಾಕೆ ಅಳಬೇಕು? ಮುಕ್ತಿಯ ಹುಡುಗಿಯರನ್ನು ಬೀದಿಗೆ ತಳ್ಳಿದ ಮನೆಯವರು, ಬರದಲ್ಲೂ ಕಂದಾಯ ಕೇಳಿದ ಸರ್ಕಾರ, ಇವರ ಪಶ್ಚಾತ್ತಾಪದ ದಾಖಲೆ ಎಲ್ಲಿದೆ?

ಮಂಡಕ: ದಾಖಲೆ ತೆಳ್ಳಗಿದೆ. ನಿಮ್ಮ ಪ್ರಶ್ನೆ ನನ್ನ ಪ್ರಬಂಧಕ್ಕಿಂತ ದೊಡ್ಡದು. ಒಂದು ಮಾತು ಸೇರಿಸ್ತೀನಿ. 1882ರ ರಮಾಬಾಯಿ ಕೇಳಿದ್ದು ‘ಹೆಂಗಸರು ಹೇಗೆ ತಿದ್ದಿಕೊಳ್ಳಬೇಕು’ ಅಂತ. 1887ರ ರಮಾಬಾಯಿ ಕೇಳಿದ್ದು ‘ಯಾರು ತಿದ್ದಿಕೊಳ್ಳಬೇಕು’ ಅಂತ. ನೀವು ಕೇಳ್ತಿರೋದು ಎರಡನೇ ಪ್ರಶ್ನೆ.

ಅಧ್ಯಕ್ಷರು: ಹಳೆಯ ಪ್ರಬಂಧದ ವಿಷಯ ಹೇಳಿದಿರಿ. ಅದನ್ನು ಏನು ಮಾಡ್ತೀರಿ?

ಮಂಡಕ: ಹಿಂತೆಗೆದುಕೊಂಡರೆ ತಪ್ಪು ಮಾಡಿದ ಗುರುತೂ ಹೋಗ್ತದೆ. ಅದಕ್ಕೆ ಸಂಪಾದಕರಿಗೆ ಬರೆದಿದ್ದೀನಿ: ಅದು ಅಲ್ಲೇ ಇರಲಿ, ಅದರ ಕೆಳಗೆ ಈ ಪ್ರಬಂಧದ ಐದನೇ ಭಾಗ ಅಚ್ಚಾಗಲಿ. ಇನ್ನು ಆ ಹುಡುಗಿ ಈಗ ಟೀಚರ್ ಆಗಿದ್ದಾರೆ. ಈ ಬರಹದ ಮೊದಲ ಪ್ರತಿ ಅವರಿಗೇ ಕಳಿಸಿದ್ದೆ. ಎರಡು ಕಡೆ ತಿದ್ದಿದ್ದಾರೆ. ಅವರ ತಾಯಿ ಹೇಳುವ ಪದ ‘ಪಶ್ಚಾತ್ತಾಪ’ ಅಂತ ನಾನು ಬರೆದಿದ್ದೆ. ಅದನ್ನು ಹೊಡೆದು ಪಕ್ಕದಲ್ಲಿ ‘ಅವ್ವ ಹಂಗ ಅನ್ನಂಗಿಲ್ಲ, ಹೊಳ್ಳಿ ಬಂದೆ ಅಂತಾಳ’ ಅಂತ ಬರೆದಿದ್ದಾರೆ. ಇನ್ನೊಂದು ತಿದ್ದುಪಡಿ ಕಾಗುಣಿತದ್ದು.

ಅಧ್ಯಕ್ಷರು: ಸಮಯ ಮೀರಿದೆ. ಮುಂದಿನ ಪ್ರಬಂಧಕ್ಕೆ ಹೋಗೋಣ.